ಮಂಡಿ ದಲ್ಲಾಳಿ ಗಲ್ಲಾಪೆಟ್ಟಿಗೆಗೆ ಬಂದಾಗ

ಹಿಂದೂಪುರದ ಮಂಡಿಯಲ್ಲಿ ಬೆಲ್ಲದ ವ್ಯಾಪಾರ ಕಂಡವರಿಗೆ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಅಂದರೇನೆಂದು ಬಿಡಿಸಿ ಹೇಳುವುದು ಕಷ್ಟವಲ್ಲ. ಬೆಲ್ಲ ರೈತನದು, ದುಡ್ಡು ಊರಾಚೆಯ ವ್ಯಾಪಾರಿಯದು. ನಡುವೆ ನಿಂತು ಬೆಲೆ ಕುದುರಿಸಿ, ಕಮಿಷನ್ ಎಣಿಸಿಕೊಂಡು, ಪಕ್ಕದ ರಾಶಿಯತ್ತ ಹೊರಡುವವನು ದಲ್ಲಾಳಿ. ಇನ್ವೆಸ್ಟ್‌ಮೆಂಟ್ ಬ್ಯಾಂಕರನ ಕಸುಬೂ ಇದೇ. ಕಂಪನಿಯ ಷೇರನ್ನು ಜನರಿಗೆ ಮಾರಿಸುತ್ತಾನೆ, ಒಂದು ಕಂಪನಿಯನ್ನು ಇನ್ನೊಂದಕ್ಕೆ ಕೊಡಿಸುತ್ತಾನೆ. ಹೆಸರಿನಲ್ಲಿ ಬ್ಯಾಂಕ್ ಇದೆಯೆಂಬುದು ಬಿಟ್ಟರೆ ಪಾಸ್‌ಬುಕ್ಕಿಗೂ ಅವನಿಗೂ ಸಂಬಂಧವಿಲ್ಲ.

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಮಕ್ಕಳು ಬೆಂಗಳೂರಿಗೆ ಹೋಗಿ ಸಿಎಯನ್ನೋ ಎಂಬಿಎಯನ್ನೋ ಮುಗಿಸಿ ಈ ಕಸುಬಿಗೆ ಸೇರುವುದು ಈಗ ಬೆರಗಿನ ಸಂಗತಿಯಲ್ಲ. ಮೂರ್ನಾಲ್ಕು ವರ್ಷ ನಿದ್ದೆಗೆಟ್ಟು ದುಡಿದು, ಸಾಕೆನಿಸಿ ಬಿಟ್ಟಾಗ ಮನೆಯಲ್ಲಿ ಪ್ರಶ್ನೆ ಏಳುತ್ತದೆ: "ಅಷ್ಟು ಸಂಬಳ ಬಿಟ್ಟು ಯಾವುದೋ ಕಂಪನಿಯ ಲೆಕ್ಕ ಬರೆಯೋಕೆ ಹೋಗ್ತೀಯೇನಪ್ಪಾ?"

ಪ್ರಶ್ನೆಯಲ್ಲಿ ಅರ್ಧ ನ್ಯಾಯವಿದೆ. ಮೊದಲ ವರ್ಷ ಕೈಗೆ ಬರುವ ದುಡ್ಡು ಸಾಮಾನ್ಯವಾಗಿ ಇಳಿಯುತ್ತದೆ. ಬ್ಯಾಂಕರಿಗೆ ಸಿಗುವ ದೊಡ್ಡ ಬೋನಸ್ಸು ಕಂಪನಿಯಲ್ಲಿ ಸಿಗುವುದು ಅಪರೂಪ. ಆದರೆ "ಲೆಕ್ಕ ಬರೆಯೋದು" ಎಂಬ ಮಾತು ಸರಿಯಲ್ಲ. 2024ರ ಅಕ್ಟೋಬರ್‌ನಲ್ಲಿ ಹ್ಯುಂಡೈ ಮೋಟಾರ್ ಇಂಡಿಯಾ 27,870 ಕೋಟಿ ರೂಪಾಯಿಯ ಷೇರು ಮಾರಾಟಕ್ಕೆ ಇಳಿಯಿತು. ಅದುವರೆಗೆ ದೇಶ ಅಷ್ಟು ದೊಡ್ಡ ಐಪಿಒ ಕಂಡಿರಲಿಲ್ಲ. ಮಾರಿದ್ದೆಲ್ಲ ಕೊರಿಯಾದ ಮಾತೃಸಂಸ್ಥೆಯ ಷೇರು, ಹಾಗಾಗಿ ಹಣವೂ ಅಲ್ಲಿಗೇ ಹೋಯಿತು. ವಹಿವಾಟು ನಡೆಸಿಕೊಟ್ಟ ಬ್ಯಾಂಕುಗಳ ಕೆಲಸ ಅಲ್ಲಿಗೆ ಮುಗಿಯಿತು. ಕಂಪನಿಯ ಹಣಕಾಸು ವಿಭಾಗಕ್ಕೆ ಶುರುವಾದದ್ದೇ ಆಮೇಲೆ. ಷೇರುಪೇಟೆಗೆ ಬಂದ ಕಂಪನಿ ಮೂರು ತಿಂಗಳಿಗೊಮ್ಮೆ, ಅವಧಿ ಮುಗಿದ 45 ದಿನದೊಳಗೆ ಫಲಿತಾಂಶ ಪ್ರಕಟಿಸಬೇಕು. ವರ್ಷದ ಲೆಕ್ಕಕ್ಕೆ 60 ದಿನ. ಬ್ಯಾಂಕರ್ ಹೇಳಿದ ಕಥೆಯನ್ನು ನಿಜಮಾಡಿ ತೋರಿಸುವ ಹೊರೆ ಇವರದು.

ಈ ವಿಭಾಗದೊಳಗೆ ಹಲವು ಕೋಣೆಗಳಿವೆ. ಯಾವುದಕ್ಕೆ ಹೋಗಬೇಕು ಎನ್ನುವ ಮೊದಲು ಅಲ್ಲಿ ಏನು ನಡೆಯುತ್ತದೆಂದು ನೋಡಬೇಕು. ಅದಕ್ಕೆ ಕಲ್ಯಾಣದುರ್ಗದ ಕಡಲೆಕಾಯಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಜೂನ್-ಜುಲೈನ ಮಳೆ ನಂಬಿ ಕೆಂಪು ನೆಲದಲ್ಲಿ ಬಿತ್ತನೆ, ಮಳೆಗಾಲ ಮುಗಿಯುತ್ತಿದ್ದಂತೆ ಕೀಳುವುದು. ಎಣ್ಣೆ ಮಿಲ್ಲಿನವನು ಆ ಎರಡು-ಮೂರು ತಿಂಗಳಲ್ಲೇ ಕಾಯಿ ಕೊಳ್ಳಬೇಕು. ಅರೆದು ಮಾರುವುದು ಮಾತ್ರ ವರ್ಷವಿಡೀ. ಕೊಂಡ ಕಾಯಿ ಗೋದಾಮಿನಲ್ಲಿ ಇರುವಷ್ಟು ದಿನವೂ ದುಡ್ಡು ಅಲ್ಲೇ ಕೂತಿರುತ್ತದೆ, ಬ್ಯಾಂಕಿನ ಬಡ್ಡಿ ಓಡುತ್ತಿರುತ್ತದೆ. ಹೀಗೆ ಸರಕಿನಲ್ಲಿ, ಬಾಕಿಯಲ್ಲಿ ಸಿಕ್ಕಿಕೊಂಡ ದುಡ್ಡಿಗೆ ವರ್ಕಿಂಗ್ ಕ್ಯಾಪಿಟಲ್ ಎಂದು ಹೆಸರು. ಎಲ್ಲಿ, ಎಷ್ಟು ಬಡ್ಡಿಗೆ, ಎಷ್ಟು ದಿನಕ್ಕೆ ಸಾಲ ತರಬೇಕೆಂದು ನೋಡಿಕೊಳ್ಳುವುದು ಟ್ರೆಜರಿ. ಮಳೆ ಕೈಕೊಟ್ಟು ಕಾಯಿಯ ಬೆಲೆ ಏರಿದರೆ ಮುಂದಿನ ಮಾರ್ಚ್ ಹೊತ್ತಿಗೆ ನಮ್ಮ ಸ್ಥಿತಿ ಏನಾಗುತ್ತದೆಂದು ಮುಂಚೆಯೇ ಅಂದಾಜಿಸುವುದು ಎಫ್‌ಪಿ ಅಂಡ್ ಎ, ಅಂದರೆ ಬಜೆಟ್ಟು ಮತ್ತು ವಿಶ್ಲೇಷಣೆಯ ಕೆಲಸ. ಪಕ್ಕದೂರಿನ ಮಿಲ್ಲನ್ನು ಕೊಳ್ಳಬೇಕೇ ಬೇಡವೇ ಎನ್ನುವುದು ಕಾರ್ಪೊರೇಟ್ ಡೆವಲಪ್‌ಮೆಂಟ್. ಷೇರುದಾರರಿಗೆ ಇದನ್ನೆಲ್ಲ ವಿವರಿಸುವುದು ಇನ್ವೆಸ್ಟರ್ ರಿಲೇಷನ್ಸ್. ತಿಂಗಳ ಲೆಕ್ಕ ಮುಚ್ಚಿ ತೆರಿಗೆ, ಆಡಿಟ್ ನಿಭಾಯಿಸುವವನು ಕಂಟ್ರೋಲರ್. ಆ ಕುರ್ಚಿ ಬಹುಪಾಲು ಸಿಎ ಮಾಡಿದವರಿಗೇ ಮೀಸಲು.

ಬ್ಯಾಂಕಿಂಗ್ ಬಿಟ್ಟವರು ಸಾಮಾನ್ಯವಾಗಿ ಓಡುವುದು ಕಾರ್ಪೊರೇಟ್ ಡೆವಲಪ್‌ಮೆಂಟಿನತ್ತ. ಅದೇ ಎಕ್ಸೆಲ್ ಮಾಡೆಲ್ಲು, ಅದೇ ವಕೀಲರು, ಅದೇ ಸಂಧಾನ, ಪರಿಚಿತ ಜಾಗ. ಆದರೆ ಅಲ್ಲಿ ಹುದ್ದೆಗಳು ಬೆರಳೆಣಿಕೆ. ಆಡಳಿತಕ್ಕೆ ಕೊಳ್ಳುವ ಹಸಿವು ಇಂಗಿದ ವರ್ಷ ಆ ಕೋಣೆಗೆ ಕೆಲಸವೇ ಇರುವುದಿಲ್ಲ. ನನ್ನ ಮಟ್ಟಿಗೆ, ಮೊದಲ ಎರಡು ವರ್ಷ ಕಾರ್ಖಾನೆಯ ಅಥವಾ ಒಂದು ವ್ಯಾಪಾರ ವಿಭಾಗದ ಲೆಕ್ಕದ ಪಕ್ಕ ಕೂರುವುದೇ ಲೇಸು. ಇದಕ್ಕೆ ಬಿಸಿನೆಸ್ ಫೈನಾನ್ಸ್ ಎನ್ನುತ್ತಾರೆ. ದೊಡ್ಡ ಹೆಸರಿಲ್ಲ, ಧೂಳು ಇದೆ.

ಆ ಧೂಳಿನಲ್ಲಿ ಏನು ಕಲಿಯಬಹುದು? ಪೆನುಕೊಂಡದ ಬಳಿ 2019ರಲ್ಲಿ ಕಿಯಾ ಕಾರು ತಯಾರಿ ಶುರುಮಾಡಿದ ಮೇಲೆ ಈ ಸೀಮೆಗೆ ಬಿಡಿಭಾಗದ ಕಂಪನಿಗಳೂ ಬಂದವು. ಅಂಥ ಒಂದು ಕಂಪನಿ ಆಗಸ್ಟ್ 1ರಂದು ಸರಕು ಕಳಿಸಿ, 60 ದಿನದ ಗಡುವು ಒಪ್ಪಿಕೊಂಡಿದೆ ಎನ್ನಿ. ಹಣ ಬರುವುದು ಸೆಪ್ಟೆಂಬರ್ 30ಕ್ಕೆ. ತಾನು ಕೊಂಡ ಉಕ್ಕಿನ ಮೇಲಿನ ತೆರಿಗೆ ಕಳೆದು ಉಳಿದ ಜಿಎಸ್‌ಟಿಯನ್ನು ಮಾತ್ರ ಸೆಪ್ಟೆಂಬರ್ 20ರೊಳಗೆ ಕಟ್ಟಬೇಕು. ಅಂದರೆ ಇನ್ನೂ ಕೈಗೆ ಬಾರದ ದುಡ್ಡಿನ ತೆರಿಗೆಯನ್ನು ಗಂಟಿನಿಂದ ತೆತ್ತ ಹಾಗಾಯಿತು. ಕಂಪನಿ ಸಣ್ಣದಾಗಿದ್ದರೆ ಕಾನೂನು ಅದರ ಪರ ನಿಲ್ಲುತ್ತದೆ. ಕಿರು ಮತ್ತು ಸಣ್ಣ ಉದ್ದಿಮೆಗೆ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ತಡಮಾಡಿ ವರ್ಷಾಂತ್ಯಕ್ಕೂ ಬಾಕಿ ಉಳಿಸಿಕೊಂಡರೆ, ಕೊಂಡವನು ಆ ಖರ್ಚನ್ನು ಹಣ ಕೊಟ್ಟ ವರ್ಷವೇ ತನ್ನ ಆದಾಯ ತೆರಿಗೆಯಲ್ಲಿ ಕಳೆಯಬೇಕು ಎಂಬ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಲಾಭ ತೋರಿಸುವ ಕಂಪನಿಯೂ ಸಂಬಳಕ್ಕೆ ಪರದಾಡುವುದು ಹೇಗೆಂದು ತೆರಿಗೆ ಕಟ್ಟುವ ದಿನಕ್ಕೂ ಹಣ ಬರುವ ದಿನಕ್ಕೂ ನಡುವಿನ ಇಂಥ ಹತ್ತು ದಿನಗಳ ಅಂತರ ಕಲಿಸುತ್ತದೆ. ಬ್ಯಾಂಕರನ ಮಾಡೆಲ್‌ನಲ್ಲಿ ಅದು ಒಂದು ಸಾಲು. ಕಾರ್ಖಾನೆಯಲ್ಲಿ ಅದಕ್ಕಾಗಿ ಫೋನು ಮಾಡಿ ಬೈಸಿಕೊಳ್ಳಬೇಕಾಗುತ್ತದೆ.

ದಲ್ಲಾಳಿಯ ಕೆಲಸ, ಒಳಗಿನವರ ಕೆಲಸ ಎರಡನ್ನೂ ಒಂದೇ ಕಂಪನಿಯಲ್ಲಿ ನೋಡಬಹುದು. ಇನ್ಫೋಸಿಸ್ 1993ರಲ್ಲಿ 95 ರೂಪಾಯಿಗೆ ಷೇರು ಮಾರಲು ಹೊರಟಾಗ ಕೊಳ್ಳುವವರೇ ಸಾಕಷ್ಟು ಸಿಗಲಿಲ್ಲ. ಇಶ್ಯೂ ನಡೆಸಿದ್ದು ಎನಾಮ್ ಎಂಬ ಇನ್ವೆಸ್ಟ್‌ಮೆಂಟ್ ಬ್ಯಾಂಕ್. ಮಾರ್ಗನ್ ಸ್ಟಾನ್ಲಿ ಪಾಲು ಕೊಂಡು ಕೈಹಿಡಿಯಿತು. ದಲ್ಲಾಳಿಯ ಜಾಣ್ಮೆ ಇಲ್ಲಿ ನಿಜಕ್ಕೂ ದೊಡ್ಡದು, ಅಲ್ಲಗಳೆಯುವಂತಿಲ್ಲ. ಆಮೇಲಿನ ಕಥೆ ಒಳಗಿನವರದು. 1994ರಲ್ಲಿ ಸೇರಿದ ಟಿ.ವಿ. ಮೋಹನದಾಸ ಪೈ 2006ರವರೆಗೆ ಹಣಕಾಸಿನ ಹೊಣೆ ಹೊತ್ತರು. 1999ರ ಮಾರ್ಚ್‌ನಲ್ಲಿ ಕಂಪನಿ ಅಮೆರಿಕದ ನಾಸ್ಡಾಕ್ ಪೇಟೆ ಸೇರಿದ್ದು ಆ ಅವಧಿಯಲ್ಲೇ. 2015ರಲ್ಲಿ ಸಿಎಫ್‌ಒ, ಅಂದರೆ ಹಣಕಾಸು ವಿಭಾಗದ ಮುಖ್ಯಸ್ಥ, ಆದ ಎಂ.ಡಿ. ರಂಗನಾಥ್ ಅವರ ದಾರಿ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಐಸಿಐಸಿಐನಲ್ಲಿ ಸಾಲ, ಟ್ರೆಜರಿ ನೋಡಿದ್ದವರು ಇನ್ಫೋಸಿಸ್‌ಗೆ ಬಂದು ಯೋಜನೆ, ಕಂಪನಿ ಖರೀದಿ, ಅಪಾಯ ನಿರ್ವಹಣೆ, ಕನ್ಸಲ್ಟಿಂಗ್ ಎಂದು ಕೋಣೆಯಿಂದ ಕೋಣೆಗೆ ಹೋಗಿ, ಹದಿನೈದು ವರ್ಷದ ಆಸುಪಾಸಿನಲ್ಲಿ ಆ ಕುರ್ಚಿಗೆ ಬಂದರು.

ನನ್ನ ಸಲಹೆಗೆ ವಿರುದ್ಧವಾದ ಉದಾಹರಣೆಯೂ ಇದೆ, ಮುಚ್ಚಿಡಬಾರದು. ಕೋಟಕ್‌ನ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ನಿಂದ ಝೊಮ್ಯಾಟೊಗೆ ಹೋದ ಅಕ್ಷಂತ್ ಗೋಯಲ್ ಕಾರ್ಪೊರೇಟ್ ಡೆವಲಪ್‌ಮೆಂಟ್ ಬಾಗಿಲಿನಿಂದಲೇ ಒಳಬಂದು ಕೆಲವೇ ವರ್ಷದಲ್ಲಿ ಸಿಎಫ್‌ಒ ಆದರು. ಆದರೆ ಅದು ಮತ್ತೆ ಮತ್ತೆ ಹೂಡಿಕೆ ತರುತ್ತ, ಬೇರೆ ಕಂಪನಿಗಳನ್ನು ಕೊಳ್ಳುತ್ತ ಬೆಳೆದ ಸಂಸ್ಥೆ. ಅಲ್ಲಿ ವಹಿವಾಟೇ ದಿನದ ಅಡುಗೆ. ಬಣ್ಣ, ಬಟ್ಟೆ, ಬಿಡಿಭಾಗ ತಯಾರಿಸುವ ಕಡೆ ಅಂಥ ಹಬ್ಬದೂಟ ಎಂದೋ ಒಮ್ಮೆ.

ಹಾಗಾಗಿ ಹುದ್ದೆಯ ಹೆಸರಿಗಿಂತ ಮುಂಚೆ ಕಂಪನಿಯ ದುಡ್ಡು ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ನೋಡಬೇಕು. ಸರಕಿನಲ್ಲೋ, ಬಾಕಿಯಲ್ಲೋ, ಯಂತ್ರದಲ್ಲೋ, ವಿದೇಶಿ ಕರೆನ್ಸಿಯಲ್ಲೋ. ಅದನ್ನು ಬಿಡಿಸುವ ಕೋಣೆಯೇ ಅಲ್ಲಿ ಬೆಲೆಯುಳ್ಳದ್ದು. ಸಾಲದ ವಹಿವಾಟು ಮಾಡಿ ಬಂದವರು ಟ್ರೆಜರಿಯಲ್ಲಿ ಬೇಗ ಬೇರೂರುತ್ತಾರೆ. ಐಪಿಒ ಮಾಡಿದವರಿಗೆ ಇನ್ವೆಸ್ಟರ್ ರಿಲೇಷನ್ಸ್ ಸಲೀಸು. ಸಿಎಫ್‌ಒ ಕುರ್ಚಿಯ ಮೇಲೆ ಕಣ್ಣಿದ್ದವರಿಗೆ ಒಂದು ಧೈರ್ಯ: 2013ರ ಕಂಪನಿ ಕಾಯ್ದೆಯಡಿ ಷೇರುಪೇಟೆಯ ಕಂಪನಿಗಳು ಮಾತ್ರವಲ್ಲ, 10 ಕೋಟಿ ಅಥವಾ ಹೆಚ್ಚು ಪಾವತಿತ ಬಂಡವಾಳದ ಪಬ್ಲಿಕ್ ಕಂಪನಿಗಳೂ ಪೂರ್ಣಾವಧಿ ಸಿಎಫ್‌ಒ ಇಟ್ಟುಕೊಳ್ಳಲೇಬೇಕು. ಆ ಕುರ್ಚಿ ಮುಂಬೈಯಲ್ಲೇ ಇರಬೇಕೆಂದಿಲ್ಲ.

ಸಂದರ್ಶನಕ್ಕೆ ಹೋದವರು ಸಂಬಳ ಕೇಳುವ ಮೊದಲು ಎರಡು ಮಾತು ಕೇಳಲಿ. ತಿಂಗಳ ಲೆಕ್ಕ ಮುಚ್ಚಲು ಎಷ್ಟು ದಿನ ಹಿಡಿಯುತ್ತದೆ? ಹಣಕಾಸು ವಿಭಾಗ ಬೇಡವೆಂದ ಖರ್ಚೊಂದು ಕೊನೆಯ ಸಲ ನಿಂತದ್ದು ಯಾವಾಗ? ಎರಡನೆಯದಕ್ಕೆ ಎದುರಿನವರು ತಡವರಿಸಿದರೆ, ಮನೆಯವರು ಹೇಳಿದ ಹಾಗೆ ಅಲ್ಲಿರುವುದು ಲೆಕ್ಕ ಬರೆಯುವ ಕೆಲಸವೇ.