ಲಸಿಕೆ ಕಂಡ ಕೋಳಿಗಳೇಕೆ ಸಾಯುತ್ತವೆ?

ಬೆಂಗಳೂರಿನ ಪೂರ್ವದ ಕಗ್ಗದಾಸಪುರ ಒಂದು ಕಾಲಕ್ಕೆ ಕೆರೆಯಂಚಿನ ಹಳ್ಳಿ. ಇಂದು ಅದು ನಗರದ ದಟ್ಟ ಬಡಾವಣೆ. ಇಂತಹ ಬಡಾವಣೆಗಳ ಅಂಗಡಿಗಳಿಗೆ ಕೋಳಿ ದೂರದ ಫಾರಂಗಳಿಂದ ಲಾರಿಯಲ್ಲಿ ಬರುತ್ತದೆ. ಕೋಳಿ ನಗರದಲ್ಲಿ ಉಳಿಯುತ್ತದೆ. ತೊಳೆಯದ ಪಂಜರಗಳೊಡನೆ ರೋಗ ಮಾತ್ರ ಹಳ್ಳಿಗೆ ಮರಳಬಲ್ಲದು.

ಇಂತಹ ರೋಗಗಳಲ್ಲಿ ರೈತರಿಗೆ ಚಿರಪರಿಚಿತವಾದುದು ಕೊಕ್ಕರೆ ರೋಗ. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಕಾಣಿಸಿಕೊಂಡ ಈ ವೈರಸ್ ಬೇನೆಗೆ ಭಾರತದಲ್ಲಿ ಕುಮಾವೂನ್ ಬೆಟ್ಟಗಳ ರಾಣಿಖೇತದ ಹೆಸರು ಅಂಟಿಕೊಂಡಿತು. ಅದಕ್ಕೆ ಲಸಿಕೆಯಿದೆ, ಹೆಬ್ಬಾಳದ ಸರ್ಕಾರಿ ಸಂಸ್ಥೆ ದಶಕಗಳಿಂದ ಅದನ್ನು ತಯಾರಿಸುತ್ತ ಬಂದಿದೆ. ಆದರೂ ಲಸಿಕೆ ಪಡೆದ ಹಿಂಡುಗಳಲ್ಲಿಯೇ ರೋಗ ಮರುಕಳಿಸುವುದುಂಟು. ಆಗ ಲಸಿಕೆಯೇ ಸುಳ್ಳು ಎಂಬ ಮಾತು ಊರೂರು ಹಬ್ಬುತ್ತದೆ.

ಸತ್ಯ ಅಷ್ಟು ಸರಳವಲ್ಲ. ಈ ಜೀವಂತ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಾಪಾಡಬೇಕು. ಬಿಸಿಲಿನ ಬಸ್ ಪ್ರಯಾಣದಲ್ಲಿ ಅದು ನಿರ್ಜೀವವಾಗುತ್ತದೆ. ಕ್ಲೋರಿನ್ ಬೆರೆತ ನಲ್ಲಿನೀರಿನಲ್ಲಿ ಕಲಸಿದರೂ ಅಷ್ಟೇ. ತಾಯಿಕೋಳಿಯಿಂದ ಬಂದ ರೋಗನಿರೋಧಕಗಳು ಮರಿಯಲ್ಲಿ ಇನ್ನೂ ಹೆಚ್ಚಾಗಿದ್ದಾಗ ಹಾಕಿದ ಲಸಿಕೆ ವ್ಯರ್ಥವಾಗಬಹುದು. ಗಂಬೋರೊ ರೋಗ ತಗುಲಿದ ಮರಿಗಳಲ್ಲಿ ರೋಗನಿರೋಧಕ ಶಕ್ತಿಯೇ ಕುಂದಿರುತ್ತದೆ. ಎಲ್ಲವೂ ಸರಿಯಿದ್ದರೂ ಲಸಿಕೆ ಸಾವನ್ನು ತಡೆಯುತ್ತದೆಯೇ ಹೊರತು ಸೋಂಕನ್ನು ಸಂಪೂರ್ಣವಾಗಿ ತಡೆಯದು. ಆರೋಗ್ಯವಾಗಿ ಕಾಣುವ ಕೋಳಿಯೂ ವೈರಸ್ಸನ್ನು ಹೊರಚೆಲ್ಲಬಹುದು. ಸಾವಿರಾರು ಕೋಳಿಗಳನ್ನು ಒಂದೇ ಸೂರಿನಡಿ ತುರುಕುವ ಪದ್ಧತಿಯ ಲೋಪವನ್ನು ಯಾವ ಸೀಸೆಯ ಔಷಧಿಯೂ ಮುಚ್ಚಲಾರದು.

ಈ ಲೋಪದ ಬೆಲೆಯನ್ನು ತೆರುವವಳು ಹಿತ್ತಲಲ್ಲಿ ಹತ್ತು ನಾಟಿಕೋಳಿ ಸಾಕಿ, ಮೊಟ್ಟೆ ಮಾರಿ ಮಕ್ಕಳ ಪುಸ್ತಕ ಕೊಳ್ಳುವ ಮಲೆನಾಡಿನ ತಾಯಿ. ಲಸಿಕೆಯ ಸೀಸೆ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ. ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಒಂಟಿ ಮನೆಗೆ ಅದು ಎಟುಕದು. ಆದುದರಿಂದ ಊರಿನ ಎಲ್ಲ ಮನೆಗಳೂ ಕೂಡಿ ಒಂದೇ ದಿನ ಲಸಿಕೆ ಹಾಕಿಸುವುದು ವಿವೇಕ. ಆಸ್ಟ್ರೇಲಿಯದಲ್ಲಿ ರೂಪುಗೊಂಡು ಆಫ್ರಿಕದ ಹಳ್ಳಿಗಳನ್ನು ತಲುಪಿರುವ ಶಾಖ ತಾಳಬಲ್ಲ ಲಸಿಕೆಯಂಥದು ಇಲ್ಲಿನ ಬೆಟ್ಟದ ಊರುಗಳಿಗೂ ಸಿಗುವಂತೆ ಸರ್ಕಾರ ಮಾಡಬೇಕು.

ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯುವುದು ಕೆಳಗಿನ ಊರಿಗೆ ರೋಗ ಕಳುಹಿಸಿದಂತೆ. ನೀರಿನಿಂದ ದೂರ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಬರಿಗೈಯಲ್ಲಿ ಮುಟ್ಟದೆ, ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸಬೇಕು. 2012ರಲ್ಲಿ ಹೆಸರಘಟ್ಟದಲ್ಲಿ ಕಾಣಿಸಿಕೊಂಡ ಹಕ್ಕಿಜ್ವರವೂ ಮೊದಲಿಗೆ ಹೀಗೆಯೇ ತೋರಬಹುದು. ಲಸಿಕೆ ಬೇಕು, ಅದರೊಡನೆ ಗಾಳಿ, ಬೆಳಕು, ಶುಚಿತ್ವ, ನೆರೆಹೊರೆಯ ಹೊಣೆಯೂ ಬೇಕು.