ಕುಡಿಯದವರು ಬಾರ್ ಬಿಲ್ ಏಕೆ ಕಟ್ಟಬೇಕು?

ಬೆಂಗಳೂರಿನಿಂದ ವಿಮಾನ ಹತ್ತಿದರೆ ಸುಮಾರು ಎರಡು ಗಂಟೆಯಲ್ಲಿ ಮಾಲೆ. ಮುಂಚಿತವಾಗಿ ವೀಸಾ ಮಾಡಿಸುವ ತಾಪತ್ರಯವೂ ಇಲ್ಲ. ಹನಿಮೂನ್ ಜೋಡಿಗಳ ಊರು ಎನಿಸಿಕೊಂಡಿದ್ದ ಮಾಲ್ಡೀವ್ಸ್‌ಗೆ ಈಗ ಮಕ್ಕಳು ಮರಿ, ಅಜ್ಜ ಅಜ್ಜಿಯರ ಸಮೇತ ಹೊರಡುವವರಿದ್ದಾರೆ. ಹೊರಡುವ ಮುನ್ನ ರೆಸಾರ್ಟ್‌ಗಳನ್ನು ಒಂದಕ್ಕೊಂದು ತಾಳೆ ನೋಡುವುದೂ ಉಂಟು. ಆದರೆ ನೋಡುವುದೆಲ್ಲ ರೂಮಿನ ದರವನ್ನೇ. ‘ಆಲ್ ಇನ್‌ಕ್ಲೂಸಿವ್’ ಎಂದು ಬರೆದಿದ್ದರಂತೂ ಮುಂದಿನದನ್ನು ಯಾರೂ ಓದುವುದಿಲ್ಲ.

ಓದಬೇಕು. ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಕ್ಲಬ್ ಮೆಡ್ ಎಂಬ ರೆಸಾರ್ಟ್ ಸಂಸ್ಥೆ. ಬೆಲ್ಜಿಯಂನ ಜೆರಾರ್ ಬ್ಲಿಟ್ಸ್ 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದ ಕಡಲತಡಿಯಲ್ಲಿ ಡೇರೆ ಹಾಕಿ ಅದನ್ನು ಶುರುಮಾಡಿದರು. ಊಟ, ವಸತಿ, ಆಟೋಟ ಎಲ್ಲಕ್ಕೂ ಒಂದೇ ಶುಲ್ಕ. ಬಾರ್ ಲೆಕ್ಕ ಮಾತ್ರ ಬೇರೆ: ಅತಿಥಿಗಳು ಕೊರಳಲ್ಲಿ ಹಾಕಿಕೊಂಡ ಮಣಿಗಳನ್ನು ಕಳಚಿಕೊಟ್ಟು ಪಾನೀಯ ಪಡೆಯುತ್ತಿದ್ದರು. ಕುಡಿದವರೇ ದುಡ್ಡು ಕೊಡುವ ಆ ಏರ್ಪಾಡು ನ್ಯಾಯವಾಗಿತ್ತು. ಇಂದಿನ ಪ್ಯಾಕೇಜ್‌ಗಳಲ್ಲಿ ಮದ್ಯವೂ ಸೇರಿಕೊಂಡಿದೆ. ಮಾಲ್ಡೀವ್ಸ್‌ನಲ್ಲಿ ಮದ್ಯವೆಲ್ಲ ಹೊರದೇಶದಿಂದ ಬರಬೇಕು, ಸುಂಕವೂ ಭಾರಿ. ಮೂರು ಹೊತ್ತಿನ ಊಟ ಸೇರಿದ ಫುಲ್ ಬೋರ್ಡ್‌ಗೂ ಆಲ್ ಇನ್‌ಕ್ಲೂಸಿವ್‌ಗೂ ಇರುವ ಅಂತರದಲ್ಲಿ ದೊಡ್ಡ ಪಾಲು ಬಾರ್‌ನದ್ದೇ. ಮನೆಯಲ್ಲಿ ಯಾರೂ ಕುಡಿಯದಿದ್ದರೆ ಆ ಅಂತರವನ್ನು ಯಾಕಾಗಿ ತೆರಬೇಕು?

ಇನ್ನು ತೆರಿಗೆ. ಜಾಹೀರಾತಿನಲ್ಲಿ ದರದ ಪಕ್ಕ ಎರಡು ಪುಟ್ಟ ಪ್ಲಸ್ ಗುರುತು ಕಂಡರೆ ಸೇವಾ ಶುಲ್ಕ, ತೆರಿಗೆ ಬೇರೆ ಎಂದರ್ಥ; ಅಲ್ಲೇ ನಿಂತು ಲೆಕ್ಕ ಹಾಕುವುದು ಒಳ್ಳೆಯದು. ಐದು ರಾತ್ರಿಗೆ 2000 ಡಾಲರ್ ಎಂದುಕೊಳ್ಳೋಣ. ಅದಕ್ಕೆ ಶೇ 10 ಸೇವಾ ಶುಲ್ಕ, ಒಟ್ಟಾದದ್ದರ ಮೇಲೆ 2025ರ ಜುಲೈಯಿಂದ ಶೇ 17 ಪ್ರವಾಸೋದ್ಯಮ ಜಿಎಸ್‌ಟಿ. ಅಲ್ಲಿಗೆ 2574. ಜೊತೆಗೆ ರೆಸಾರ್ಟ್‌ಗಳಲ್ಲಿ ತಲೆಗೆ ದಿನಕ್ಕೆ 12 ಡಾಲರ್ ಹಸಿರು ತೆರಿಗೆ, ನಾಲ್ವರಿಗೆ 240. ಕೊನೆಗೆ ಜೇಬಿನಿಂದ ಹೋಗುವುದು 2814 ಡಾಲರ್.

ದ್ವೀಪ ತಲುಪುವ ಖರ್ಚು ಇದರಲ್ಲಿ ಇನ್ನೂ ಸೇರಿಲ್ಲ. ದೂರದ ರೆಸಾರ್ಟ್‌ಗಳಿಗೆ ಸೀಪ್ಲೇನ್ ಬೇಕು, ಅದು ಹಾರುವುದು ಹಗಲಲ್ಲಿ ಮಾತ್ರ. ಸಂಜೆಯ ವಿಮಾನದಲ್ಲಿ ಇಳಿದವರು ಮಾಲೆಯಲ್ಲೋ ಪಕ್ಕದ ಹುಲುಮಾಲೆಯಲ್ಲೋ ಒಂದು ರಾತ್ರಿ ಕಳೆಯಬೇಕು, ಅದೂ ಸ್ವಂತ ಖರ್ಚಿನಲ್ಲಿ. ಪುಟ್ಟ ಮಕ್ಕಳಿದ್ದರೆ ಸ್ಪೀಡ್‌ಬೋಟ್ ಹೋಗುವಷ್ಟು ಹತ್ತಿರದ ದ್ವೀಪವೇ ವಾಸಿ.

ನಿಜವಾಗಿ ವಿಚಾರಿಸಬೇಕಾದದ್ದು ಹವಳದ ದಿಬ್ಬದ ಬಗ್ಗೆ. ಕೆಲವು ದ್ವೀಪಗಳಲ್ಲಿ ಕನ್ನಡಕ, ಉಸಿರುಕೊಳವೆ ಹಾಕಿಕೊಂಡು ದಡದಿಂದ ನಾಲ್ಕು ಈಜು ಹಾಕಿದರೆ ಸಾಕು, ಕೆಳಗೆ ದಿಬ್ಬ ಮುಗಿದು ಕಡಲು ಥಟ್ಟನೆ ಆಳವಾಗುತ್ತದೆ. ಆ ಅಂಚಿನುದ್ದಕ್ಕೂ ಹಳದಿ, ನೀಲಿ ಮೀನುಗಳ ಹಿಂಡು, ಅದೃಷ್ಟವಿದ್ದರೆ ಕಡಲಾಮೆ. ಇನ್ನು ಕೆಲವೆಡೆ ಸುತ್ತಲೂ ಬರೀ ಮರಳಿನ ತಿಳಿನೀರು. ಫೋಟೊಗೆ ಚೆಂದ, ಮೀನು ನೋಡಲು ಪ್ರತಿಸಲವೂ ದುಡ್ಡು ಕೊಟ್ಟು ದೋಣಿ ಹತ್ತಬೇಕು. ಈ ಒಂದು ವ್ಯತ್ಯಾಸ ಇಡೀ ರಜೆಯ ಸ್ವರೂಪವನ್ನೇ ಬದಲಿಸುತ್ತದೆ.

ರೆಸಾರ್ಟೇ ಬೇಕೆಂದೂ ಇಲ್ಲ. ಮೊದಲ ರೆಸಾರ್ಟ್ ಕುರುಂಬಾ ತೆರೆದದ್ದು 1972ರಲ್ಲಿ; ಪ್ರವಾಸಿಗರನ್ನು ಜನವಸತಿಯಿಲ್ಲದ ದ್ವೀಪಗಳಲ್ಲೇ ಇರಿಸುವ ಆ ಪದ್ಧತಿ ಸಡಿಲವಾದದ್ದು 2009ರ ಹೊತ್ತಿಗೆ. ಈಗ ಮಾಫುಶಿಯಂಥ ಊರುಗಳಲ್ಲಿ ಸ್ಥಳೀಯರೇ ಗೆಸ್ಟ್‌ಹೌಸ್ ನಡೆಸುತ್ತಾರೆ. ಬೆಳಗಿನ ತಿಂಡಿಗೆ ಚಪಾತಿಯಂಥ ರೋಶಿ, ಜೊತೆಗೆ ಕಾಯಿತುರಿ, ಈರುಳ್ಳಿ, ಮೆಣಸಿನಕಾಯಿಗೆ ಟ್ಯೂನಾ ಬೆರೆಸಿದ ಮಸ್ ಹುನಿ. ಸಸ್ಯಾಹಾರಿಗಳು ಮೊದಲೇ ಹೇಳಿಡಬೇಕು. ಇಂಥ ಊರುಗಳಲ್ಲಿ ಮದ್ಯ ನಿಷಿದ್ಧ, ಕುಡಿಯದ ಕುಟುಂಬಕ್ಕೆ ಅದರಿಂದ ನಷ್ಟವೇನು? ಸಣ್ಣ ಗೆಸ್ಟ್‌ಹೌಸ್‌ಗಳಲ್ಲಿ ಹಸಿರು ತೆರಿಗೆಯೂ ಅರ್ಧ, ಆರು ಡಾಲರ್.

ಗ್ರಾಹಕರು ಹೀಗೆ ಕಾಗದ ಪೆನ್ಸಿಲ್ ಹಿಡಿದು ಕೂರಬೇಕಾದ ಸ್ಥಿತಿಯೇ ಸರಿಯಲ್ಲ. ನಮ್ಮ ಊರುಗಳಲ್ಲಿ ಈ ಪ್ಯಾಕೇಜ್ ಮಾರುವ ಟ್ರಾವೆಲ್ ಏಜೆನ್ಸಿಗಳು ತೆರಿಗೆ, ಸೀಪ್ಲೇನ್ ಎಲ್ಲ ಸೇರಿಸಿದ ಒಂದೇ ಮೊತ್ತವನ್ನು ಜಾಹೀರಾತಿನಲ್ಲೇ ದಪ್ಪಕ್ಷರದಲ್ಲಿ ಹಾಕಬೇಕು. ಮದ್ಯ ಬೇಡವೆಂದವರಿಗೆ ಫುಲ್ ಬೋರ್ಡ್ ದರವನ್ನು ಕೇಳುವ ಮೊದಲೇ ತೋರಿಸಬೇಕು.