ಕಡಲತೀರದ ಮನೆ, ಊರಲ್ಲುಳಿದ ಹೆತ್ತವರು

ನವಿಲುತೀರ್ಥದ ಕಣಿವೆಯಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದಾಗ ಹಿನ್ನೀರಿನ ಹಳ್ಳಿಗಳ ಜನ ಹೊಲ-ಮನೆ ತೊರೆದು, ವೃದ್ಧರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಹೊಸ ನೆಲೆಗೆ ಹೊರಟರು. ಅದು ಬಲವಂತದ ವಲಸೆ. ಇಂದಿನ ವಿದ್ಯಾವಂತರ ವಲಸೆ ಸ್ವಂತ ಇಚ್ಛೆಯದು; ಆದರೆ ಅದರಲ್ಲಿ ಹಿರಿಯರಿಗೆ ಜಾಗವಿಲ್ಲ. ಐರ್ಲೆಂಡ್ ಇದಕ್ಕೆ ನಿದರ್ಶನ.

2022ರ ಜನಗಣತಿಯಂತೆ ಅಲ್ಲಿದ್ದ ಭಾರತೀಯ ಪೌರರು 45,449. ಸಾಫ್ಟ್‌ವೇರ್, ವೈದ್ಯಕೀಯ ವೃತ್ತಿಗಳವರಿಗೆ ವಿಶೇಷ ಕೌಶಲದ ಉದ್ಯೋಗ ಪರವಾನಗಿ ದೊರೆಯುತ್ತದೆ. ಅಂಥವರ ಪತಿ ಅಥವಾ ಪತ್ನಿ ದುಡಿಯಲು 2019ರಿಂದ ಪ್ರತ್ಯೇಕ ಪರವಾನಗಿಯೂ ಬೇಕಿಲ್ಲ.

ಮೊದಲ ತೊಡಕು ವಸತಿಯದು. ಡಬ್ಲಿನ್ ನಗರದ ಬಾಡಿಗೆಗೆ ಬೆದರಿದವರು ಬ್ರೇ, ಗ್ರೇಸ್ಟೋನ್ಸ್‌ನಂಥ ಕಡಲತೀರದ ಪಟ್ಟಣಗಳತ್ತ ನೋಡುತ್ತಾರೆ. 'ಡಾರ್ಟ್' ವಿದ್ಯುತ್ ರೈಲು 2000ರಲ್ಲಿ ಗ್ರೇಸ್ಟೋನ್ಸ್ ತಲುಪಿತು. ಆದರೆ ರೈಲು ಹೋದಲ್ಲಿಗೆ ಬೇಡಿಕೆಯೂ ಹೋಗಿದೆ. ಅಲ್ಲಿಯೂ ಮನೆ ಅಗ್ಗವಲ್ಲ.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ತಂದೆ-ತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳಲು ಅವರು ಅವಲಂಬಿತರೆಂದು ಸಾಬೀತುಪಡಿಸಬೇಕು, ಭಾರೀ ಆದಾಯವನ್ನೂ ತೋರಿಸಬೇಕು. ಬಹುತೇಕರಿಗೆ ಅದು ಎಟುಕದು. ಹೀಗಾಗಿ ಸವದತ್ತಿ, ಬೈಲಹೊಂಗಲದ ಕಡೆಯಿಂದ ಹೊರಡುವವರು ಸಂಬಳದ ಲೆಕ್ಕಕ್ಕೆ ಮೊದಲು, ಊರಲ್ಲಿ ಹೆತ್ತವರನ್ನು ನೋಡಿಕೊಳ್ಳುವವರು ಯಾರೆಂಬುದನ್ನು ನಿಶ್ಚಯಿಸಿಕೊಳ್ಳುವುದು ಲೇಸು.